ಲಾರಿ ಏರಿದ ಹುಲಿ

ಮಂಗಳೂರಿನಲ್ಲಿ, ಕೂಳೂರಿನ ದಕ್ಷಿಣಕ್ಕಿರುವ ಕುದ್ರೋಳಿಯಲ್ಲಿ ನಾರಾಯಣ ಗುರುಗಳು 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. 1991ರ ನವೀಕರಣದ ಬಳಿಕ ಬೆಳೆದ ಅಲ್ಲಿನ ದಸರಾ ಮೆರವಣಿಗೆಯಲ್ಲಿ ಹುಲಿವೇಷದವರನ್ನು, ಬಾಯಿ ತೆರೆದ ಹುಲಿಗಳನ್ನು ಹೊತ್ತು ಲಾರಿಗಳು ಸಾಗುತ್ತವೆ. ಇದು ಸಿನಿಮಾ ಕಾಲದ ಮೋಜು ಎನ್ನುವವರಿದ್ದಾರೆ. ಆದರೆ ಗಾಲಿಯ ಮೇಲೆ ಪ್ರಾಣಿಯನ್ನು ಕೂರಿಸಿ ಎಳೆಯುವುದು ತುಳುನಾಡಿಗೆ ಲಾರಿಗಿಂತ ಹಳೆಯದು. ಇಲ್ಲಿನ ಹಲವು ದೈವಸ್ಥಾನಗಳಲ್ಲಿ ದೈವಾರಾಧನೆಯ ನೇಮದ ದಿನ ಮರದ ಬಂಡಿ ಹೊರಡುತ್ತದೆ. ಬಣ್ಣ ಬಳಿದ ಹುಲಿಯೋ ಕುದುರೆಯೋ ಅದರ ಮೇಲಿರುತ್ತದೆ, ದೈವದ ಪಾತ್ರಿ ಅದನ್ನೇರಿ ನಿಲ್ಲುತ್ತಾನೆ, ಊರವರು ಹಗ್ಗ ಹಿಡಿದು ಎಳೆಯುತ್ತಾರೆ. ಬಾರಕೂರಿನ ಬಳಿಯ ಮೆಕ್ಕೆಕಟ್ಟಿನಿಂದ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿದ ದೈವಗಳ ದೊಡ್ಡ ಮರದ ಮೂರ್ತಿಗಳನ್ನು ನೋಡಿದರೆ ಇಂಥವನ್ನು ಕೆತ್ತಿದ ಬಡಗಿಗಳ ಗುರಿ ತಿಳಿಯುತ್ತದೆ: ಉರುಟು ಕಣ್ಣು, ದಪ್ಪ ಗೆರೆ, ದೂರದ ಜನಕ್ಕೂ ಕಾಣುವ ಗಾತ್ರ.

ಬಂಡಿ ಆರಾಧನೆ, ಲಾರಿ ಮನರಂಜನೆ, ಎರಡನ್ನೂ ಬೆರೆಸಬೇಡಿ ಎಂಬ ಆಕ್ಷೇಪ ಹಗುರದ್ದಲ್ಲ. ಬಂಡಿಯ ಹುಲಿ ಪಿಲಿಚಾಮುಂಡಿಯಂಥ ದೈವದ ವಾಹನ. ಲಾರಿಯದು ಕಲಾವಿದನ ಕಲ್ಪನೆ, ಹಬ್ಬ ಮುಗಿದರೆ ಬಿಚ್ಚಿಡುವಂಥದ್ದು. ಆದರೂ ಕುದ್ರೋಳಿಯಲ್ಲಿ ವಿಸರ್ಜನೆಗೆ ಹೊರಟ ಶಾರದೆಯೂ ಈ ಹುಲಿಗಳೂ ಒಂದೇ ಸಾಲಿನಲ್ಲಿ ಹೋಗುತ್ತವೆ. ಜನ ಇಬ್ಬರಿಗೂ ದಾರಿ ಬಿಡುತ್ತಾರೆ. ಕಟ್ಟುವ ಜಾಣ್ಮೆಯೂ ಅದೇ: ಗಾಲಿ ಮರೆಯಾಗಬೇಕು, ಪ್ರಾಣಿಯೇ ನಡೆದಂತಿರಬೇಕು. ಅದಕ್ಕೇ ಬಟ್ಟೆಯ ಜಾಲರಿ ಟಯರು ಮುಚ್ಚುತ್ತದೆ, ಚಾಲಕನಿಗೆ ಉಳಿಯುವುದು ಅಂಗೈಯಗಲದ ಸಂದು. ಬದಲಾದದ್ದು ಎಳೆಯುವವರು. ಹಗ್ಗಕ್ಕೆ ಕೈಹಾಕುತ್ತಿದ್ದವರು ಈಗ ರಸ್ತೆಬದಿಯಲ್ಲಿ ನಿಂತು ನೋಡುತ್ತಾರೆ. ನನ್ನ ಮಟ್ಟಿಗೆ ನಷ್ಟವೆಂದರೆ ಅದೊಂದೇ.