ಕಬಡ್ಡಿ ಆಟಗಾರನಿಗೆ ಸಂಬಳ ಕೊಟ್ಟವರು ಯಾರು?

ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ಪುತ್ತೂರು, ಸುಳ್ಯ, ಕಡಬದ ಯಾವ ವಾಟ್ಸ್‌ಆ್ಯಪ್ ಗ್ರೂಪ್ ತೆರೆದರೂ ಒಂದು ಕಬಡ್ಡಿ ಪೋಸ್ಟರ್ ಕಾಣುತ್ತದೆ. ಹೊನಲು ಬೆಳಕಿನ ಪಂದ್ಯಾಟ, ಪ್ರಥಮ, ದ್ವಿತೀಯ, ತೃತೀಯ, ಚತುರ್ಥ, ನಗದು ಮತ್ತು ಫಲಕ. ಬೆಸ್ಟ್ ರೈಡರ್, ಬೆಸ್ಟ್ ಡಿಫೆಂಡರ್‌ಗೂ ಒಂದೊಂದು ಟ್ರೋಫಿ. ಗೆದ್ದ ತಂಡ ನಗದನ್ನು ಹಂಚಿಕೊಂಡರೆ ಒಬ್ಬೊಬ್ಬನ ಕೈಗೆ ಬರುವುದು ಸ್ವಲ್ಪವೇ. ಸೋತು ಬಂದವನಿಗೆ ಊಟ, ವಾಹನದ ಖರ್ಚು ಸಿಕ್ಕರೆ ಪುಣ್ಯ.

ಹಾಗಾದರೆ ನಮ್ಮ ಊರಿನ ಒಳ್ಳೆಯ ಆಟಗಾರರು ಇಷ್ಟು ವರ್ಷ ಬದುಕಿದ್ದು ಹೇಗೆ? ಅವರಿಗೆ ಸಂಬಳ ಕೊಟ್ಟವರು ಯಾರು? ಈ ಚರಿತ್ರೆಯನ್ನು ನಾವು ಸ್ವಲ್ಪ ಹಿಂದಿನಿಂದ ಹೇಳುತ್ತೇವೆ.

ಇದರ ಆರಂಭ ಇಂಗ್ಲೆಂಡಿನಲ್ಲಿದೆ. ಅಲ್ಲಿ ರಗ್ಬಿ ಎಂಬ ಆಟವಿದೆ. ಹಿಡಿದು ಬೀಳಿಸುವುದರಲ್ಲಿ ನಮ್ಮ ಕಬಡ್ಡಿಗೆ ದೂರದ ನೆಂಟ. ಉತ್ತರ ಇಂಗ್ಲೆಂಡಿನ ಆಟಗಾರರಲ್ಲಿ ಹೆಚ್ಚಿನವರು ಗಣಿ ಮತ್ತು ಗಿರಣಿಯ ಕೂಲಿಗಳು. ಶನಿವಾರ ಆಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಆ ನಷ್ಟವನ್ನಾದರೂ ಕೊಡಿ ಎಂದು ಕ್ಲಬ್ಬುಗಳು ಕೇಳಿದವು. ಹಣಕ್ಕಾಗಿ ಆಡುವುದು ಮರ್ಯಾದೆಯಲ್ಲ ಎಂದು ಮೇಲಿನವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಒಂದು ಹೋಟೆಲಿನಲ್ಲಿ ಸೇರಿದ ಕ್ಲಬ್ಬುಗಳು ಬೇರೆಯಾದವು. ಆಟಗಾರನ ಕೂಲಿ ನಷ್ಟಕ್ಕೆ ದಿನಕ್ಕೆ 6 ಶಿಲ್ಲಿಂಗ್ ತನಕ ಕೊಡಬಹುದು ಎಂದು ನಿಯಮ ಮಾಡಿದವು. ಇಂದಿನ ರಗ್ಬಿ ಲೀಗ್ ಹುಟ್ಟಿದ್ದು ಹೀಗೆ. ಒಂದು ದಿನದ ಕೂಲಿಗಾಗಿ ಒಂದು ಆಟವೇ ಎರಡಾಯಿತು.

ನಮ್ಮಲ್ಲಿ ಅಡಿಕೆ ಸುಲಿಯುವವನು, ರಬ್ಬರ್ ಟ್ಯಾಪಿಂಗ್ ಮಾಡುವವನು, ಪಿಕಪ್ ಓಡಿಸುವವನು ರಾತ್ರಿಯಿಡೀ ಆಡಿ ಮರುದಿನ ಕೆಲಸಕ್ಕೆ ಹೋಗಲಾಗದೆ ಮಲಗುತ್ತಾನೆ. ಆ ಕೂಲಿಯ ಲೆಕ್ಕವನ್ನು ಇಲ್ಲಿ ಯಾರೂ ಕೇಳಲಿಲ್ಲ. ಇಲ್ಲಿ ಉತ್ತರ ಬೇರೆ ದಾರಿಯಲ್ಲಿ ಬಂತು. ಅದೇ ನೌಕರಿ.

ಪುರುಷರ ಮೊದಲ ರಾಷ್ಟ್ರೀಯ ಕಬಡ್ಡಿ ಚಾಂಪಿಯನ್‌ಶಿಪ್ ನಡೆದದ್ದು 1952ರಲ್ಲಿ, ಮದ್ರಾಸಿನಲ್ಲಿ. ಮುಂದೆ ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕುಗಳು ಕ್ರೀಡಾ ಕೋಟಾದಲ್ಲಿ ಆಟಗಾರರನ್ನು ತೆಗೆದುಕೊಂಡವು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಕಬಡ್ಡಿ ತಂಡದ ಹೆಸರು ಹಿರಿಯರಿಗೆ ನೆನಪಿರಬಹುದು. ಕರಾರು ಎಂಬ ಮಾತೇ ಇರಲಿಲ್ಲ. ತಿಂಗಳ ಸಂಬಳ, ಪ್ರಾವಿಡೆಂಟ್ ಫಂಡ್, ಮೊಣಕಾಲು ಹೋದ ಮೇಲೂ ಕುಳಿತುಕೊಳ್ಳಲು ಒಂದು ಕುರ್ಚಿ. ಹಳ್ಳಿಯ ಹುಡುಗನಿಗೆ ಇದಕ್ಕಿಂತ ದೊಡ್ಡ ಬಹುಮಾನ ಇರಲಿಲ್ಲ.

ಆದರೆ ಅದಕ್ಕೂ ಒಂದು ಬೆಲೆ ಇತ್ತು. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ರೈಲ್ವೆ ಮತ್ತು ಸರ್ವಿಸಸ್‌ಗೆ ಬೇರೆ ಬೇರೆ ತಂಡ. ಅಲ್ಲಿ ಸೇರಿದವರು ರಾಜ್ಯಕ್ಕೆ ಆಡುವುದಿಲ್ಲ. ಕಾರ್ಕಳ ತಾಲೂಕಿನ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ, 2012ರ ವಿಶ್ವಕಪ್ ಗೆದ್ದ ತಂಡಗಳಲ್ಲಿದ್ದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅವರ ನೌಕರಿ ದಕ್ಷಿಣ ಮಧ್ಯ ರೈಲ್ವೆಯಲ್ಲಿ. ಅನ್ನ ಕೊಟ್ಟದ್ದು ರೈಲ್ವೆ, ಅದಕ್ಕೇ ಆಡಿದರು. ತಪ್ಪೇನೂ ಇಲ್ಲ. ಆದರೆ ಕರ್ನಾಟಕ ತನ್ನ ಆಟಗಾರರನ್ನು ಕಳೆದುಕೊಂಡದ್ದು ಹೀಗೆ, ವಿದೇಶಕ್ಕಲ್ಲ, ನೌಕರಿಗೆ.

2014ರಲ್ಲಿ ಪ್ರೊ ಕಬಡ್ಡಿ ಬಂತು. ಮೊದಲ ಹರಾಜಿನಲ್ಲಿ ಒಂದು ತಂಡ ಖರ್ಚು ಮಾಡಬಹುದಾದದ್ದು 60 ಲಕ್ಷ ರೂಪಾಯಿ. ಅತಿ ದುಬಾರಿ ಆಟಗಾರ ರಾಕೇಶ್ ಕುಮಾರ್, 12.80 ಲಕ್ಷ. ನಾಲ್ಕೇ ವರ್ಷದಲ್ಲಿ ತಂಡದ ಮಿತಿ 4 ಕೋಟಿಗೆ ಹೋಯಿತು. 2018ರಲ್ಲಿ ಮೋನು ಗೋಯತ್‌ಗೆ 1.51 ಕೋಟಿ. ಅದೇ ಹರಾಜಿನಲ್ಲಿ ನಮ್ಮ ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಅವರನ್ನು ಯುಪಿ ಯೋಧಾ 79 ಲಕ್ಷಕ್ಕೆ ಕೊಂಡಿತು. ಮುಂದೆ ಅವರು ಪಾಟ್ನಾ ಪೈರೇಟ್ಸ್ ನಾಯಕರಾಗಿ ತಂಡವನ್ನು ಫೈನಲ್‌ಗೆ ಕರೆದೊಯ್ದರು. ಅಲ್ಲಿ ಸೋತದ್ದು ಒಂದೇ ಅಂಕದಿಂದ.

ಈ ಮಿತಿಯ ಅರ್ಥ ಸರಳ. ಹಣ ಇರುವ ಮಾಲೀಕ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳಬಾರದು. ಆಸ್ಟ್ರೇಲಿಯದ ರಗ್ಬಿ ಲೀಗ್‌ನಲ್ಲಿ ಇದನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ, ಮಿತಿ ಮೀರಿ ಗುಟ್ಟಾಗಿ ಸಂಬಳ ಕೊಟ್ಟ ಮೆಲ್ಬರ್ನ್ ಸ್ಟಾರ್ಮ್ ತಂಡದಿಂದ 2010ರಲ್ಲಿ ಎರಡು ಚಾಂಪಿಯನ್ ಪಟ್ಟಗಳನ್ನು ವಾಪಸ್ ಪಡೆದರು. ಆದರೆ ಮಿತಿಗೆ ಇನ್ನೊಂದು ಮುಖವೂ ಇದೆ. ಇಂಗ್ಲೆಂಡಿಗಿಂತ ಆಸ್ಟ್ರೇಲಿಯದ ಮಿತಿ ದೊಡ್ಡದು, ಹಾಗಾಗಿ ಇಂಗ್ಲೆಂಡಿನ ಒಳ್ಳೆಯ ಆಟಗಾರರು ಅಲ್ಲಿಗೆ ಹೋಗುತ್ತಾರೆ. ಕಬಡ್ಡಿಯಲ್ಲಿ ಇದು ಉಲ್ಟಾ. ದೊಡ್ಡ ಹಣ ಇಲ್ಲಿಯೇ ಇದೆ. 2023ರಲ್ಲಿ ಇರಾನಿನ ಮೊಹಮ್ಮದ್‌ರೆಜಾ ಶಾದ್ಲುಯಿಗೆ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟಿತು.

ನಮ್ಮ ಹುಡುಗರೂ ವಿದೇಶಕ್ಕೆ ಹೋಗುತ್ತಾರೆ. ಕಬಡ್ಡಿಗಲ್ಲ, ಹೊಟ್ಟೆಪಾಡಿಗೆ, ಗಲ್ಫ್‌ಗೆ. ಲೆಕ್ಕ ನೋಡಿ: ಪ್ರೊ ಕಬಡ್ಡಿಯಲ್ಲಿ 12 ತಂಡ, ತಂಡಕ್ಕೆ ಹೆಚ್ಚೆಂದರೆ 25 ಜನ. ಇಡೀ ದೇಶಕ್ಕೆ, ವಿದೇಶಿಯರೂ ಸೇರಿ, 300 ಜಾಗ. ಹೆಣ್ಣುಮಕ್ಕಳಿಗೆ 2016ರಲ್ಲಿ ಮೂರು ತಂಡಗಳ ಒಂದು ಸಣ್ಣ ಟೂರ್ನಿ ನಡೆಯಿತು, ಅದು ಮುಂದುವರಿಯಲಿಲ್ಲ. ಇತ್ತ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್, ಸಿಂಡಿಕೇಟ್ ಬ್ಯಾಂಕುಗಳೂ ಹೋದವು. ಕರಾವಳಿಯಲ್ಲೇ ಹುಟ್ಟಿದ ಮೂರು ಬ್ಯಾಂಕುಗಳ ಹೆಸರು ಒಂದು ವರ್ಷದೊಳಗೆ ಅಳಿಯಿತು. ಹರಾಜಿನ ಬೆಲೆ ಏರಿದೆ, ಆದರೆ ಆಟ ಮುಗಿದ ಮೇಲಿನ ಕುರ್ಚಿ ಕಡಿಮೆಯಾಗಿದೆ.

ಇಡೀ ಕಥೆಯಲ್ಲಿ ಒಬ್ಬರಿಗೆ ಏನೂ ಸಿಗಲಿಲ್ಲ. ಅದು ಹುಡುಗನಿಗೆ ಮೊದಲು ಕಾಲು ಹಿಡಿಯಲು ಕಲಿಸಿದ ಯುವಕ ಮಂಡಲ, ಶಾಲೆಯ ಪಿ.ಟಿ. ಮೇಷ್ಟ್ರು. ಫುಟ್‌ಬಾಲಿನಲ್ಲಿ ಆಟಗಾರ ಹಣಕ್ಕೆ ಕ್ಲಬ್ ಬದಲಿಸಿ ಬೇರೆ ದೇಶಕ್ಕೆ ಹೋದರೆ, ಆ ಹಣದ ಶೇ. 5ರಷ್ಟು ಅವನನ್ನು 12ರಿಂದ 23ನೇ ವಯಸ್ಸಿನ ತನಕ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗುತ್ತದೆ. ಪ್ರೊ ಕಬಡ್ಡಿಯ ಹರಾಜಿನ ಬೆಲೆ ಆಟಗಾರನ ಸಂಬಳ. ಅದರಿಂದ ಒಂದು ಪೈಸೆಯೂ ಕಡಿಯಬಾರದು. ಫ್ರಾಂಚೈಸಿಗಳು ಅದರ ಮೇಲೆ ಶೇ. 5ನ್ನು ಬೇರೆಯಾಗಿ ಕೊಡಲಿ. 79 ಲಕ್ಷಕ್ಕೆ ಅದು 3.95 ಲಕ್ಷ. ಒಂದು ಊರಿನ ಅಂಕಣಕ್ಕೆ ಅದು ಸಣ್ಣ ಹಣವಲ್ಲ.

ಅದನ್ನು ಕೇಳುವುದು ಜಿಲ್ಲಾ ಮತ್ತು ರಾಜ್ಯ ಕಬಡ್ಡಿ ಸಂಸ್ಥೆಗಳ ಕೆಲಸ. ಕೇಳಬೇಕಾದರೆ ದಾಖಲೆ ಬೇಕು. ಯಾವ ಹುಡುಗ, ಯಾವ ಹುಡುಗಿ ಯಾವ ವರ್ಷದಿಂದ ನಿಮ್ಮ ಮಂಡಲದಲ್ಲಿ ಆಡುತ್ತಿದ್ದಾರೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಇನ್ನೊಂದು ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ. ಈ ಸಲದ ಪಂದ್ಯಾಟದ ಬಜೆಟಿನಲ್ಲಿ ಲೈಟಿಂಗ್, ಸೌಂಡ್, ಶಾಮಿಯಾನ, ಸನ್ಮಾನದ ಶಾಲು ಎಂದು ಬರೆಯುವಾಗ, ಆತಿಥೇಯ ತಂಡದ ಆಟಗಾರರ ಒಂದು ದಿನದ ಕೂಲಿ ಎಂಬ ಸಾಲನ್ನೂ ಸೇರಿಸಿ. 130 ವರ್ಷಗಳ ಹಿಂದೆ ಗಣಿ ಕೂಲಿಗಳಿಗೆ ಸಿಕ್ಕಿದ್ದು ಅಷ್ಟೇ.