ಕೆಂಪು ಲೇಪದ ಎರಡು ಮೂಲಗಳು: ಬಳ್ಳಾರಿ ಕಂಟೋನ್ಮೆಂಟಿನ ಮಾರ್ಪಡಿಸಿದ ಟರ್ಬೊ ಕಾರು ಮತ್ತು ಸ್ಪಾರ್ಕ್ ಪ್ಲಗ್ಗಿನ ನಿದಾನ

ಎಂಜಿನ್ ಕಂಪ್ಯೂಟರಿನ ಮ್ಯಾಪ್ ಬದಲಿಸಿ (ರೀಮ್ಯಾಪ್), ಟರ್ಬೊದ ಬೂಸ್ಟ್ ಏರಿಸಿದ ಪೆಟ್ರೋಲ್ ಕಾರು ಗ್ಯಾರೇಜಿಗೆ ಬಂದಾಗ ಕೇಳಿಬರುವ ಮಾತು ಬಹುಮಟ್ಟಿಗೆ ಒಂದೇ: ‘ಮಿಸ್ಸಿಂಗ್ ಹೊಡೀತಿದೆ, ಪ್ಲಗ್ ಹೋಗಿರ್ಬೇಕು.’ ಪ್ಲಗ್ ಬದಲಾಗುತ್ತದೆ, ಕಾರು ನೆಟ್ಟಗಾಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಎಳೆದಾಟ. ಪ್ರತಿ ಸಲವೂ ಹಳೆಯ ಪ್ಲಗ್ಗುಗಳು ಕಸದ ಡಬ್ಬ ಸೇರುತ್ತವೆ. ಅವುಗಳ ಜೊತೆಗೆ ಸಾಕ್ಷ್ಯವೂ ಹೋಗುತ್ತದೆ. ಆಯುರ್ವೇದದಲ್ಲಿ ‘ನಿದಾನ’ವೆಂದರೆ ರೋಗವನ್ನು ಗುರುತಿಸುವುದೂ ಹೌದು, ರೋಗದ ಮೂಲಕಾರಣವೂ ಹೌದು. ಮರುಕಳಿಸುವ ಪ್ಲಗ್ ವೈಫಲ್ಯಕ್ಕೆ ಈ ಎರಡನೆಯ ಅರ್ಥವೇ ಬೇಕಾದದ್ದು. ಬಳ್ಳಾರಿಯಲ್ಲಿ ಇದಕ್ಕೊಂದು ಸ್ಥಳೀಯ ತೊಡಕಿದೆ. ಪ್ಲಗ್ಗಿನ ಮೂತಿ ಕೆಂಪಾಗಿದ್ದರೆ ‘ನಮ್ಮೂರಿನ ಮೈನ್ಸ್ ಧೂಳು’ ಎಂದು ತೀರ್ಪು ಕೊಡುವುದು ಬಲು ಸುಲಭ. ಆ ತೀರ್ಪು ಸರಿಯಿರಬಹುದು. ಆದರೆ ಅದೇ ಕೆಂಪು ಇಂಧನದ ಕಡೆಯಿಂದಲೂ ಬರಬಲ್ಲದು. ಎರಡನ್ನೂ ಬೇರ್ಪಡಿಸುವ ಬಗೆಯನ್ನು ಇಲ್ಲಿ ಪ್ರತಿಪಾದಿಸುತ್ತೇನೆ.

ಮೊದಲು ಕೇಳಬೇಕಾದ ಪ್ರಶ್ನೆ ಸರಳವಾದದ್ದು: ಕೆಟ್ಟಿರುವುದು ಒಂದೇ ಸಿಲಿಂಡರಿನ ಪ್ಲಗ್ಗೋ, ಎಲ್ಲವೋ? ಬಿಚ್ಚಿದ ಪ್ಲಗ್ಗುಗಳನ್ನು ರಟ್ಟಿನ ಮೇಲೆ ಸಿಲಿಂಡರ್ ಸಂಖ್ಯೆ ಬರೆದು ಸಾಲಾಗಿ ಚುಚ್ಚಿಟ್ಟರೆ ಅರ್ಧ ಕೆಲಸ ಮುಗಿಯುತ್ತದೆ. ಒಂದೇ ಪ್ಲಗ್ ಪದೇ ಪದೇ ಹೋಗುತ್ತಿದ್ದರೆ ಆ ಸಿಲಿಂಡರಿನ ಕಾಯಿಲ್, ಇಂಜೆಕ್ಟರ್, ರಿಂಗ್, ವಾಲ್ವ್ ಸೀಲ್‌ಗಳತ್ತ ನೋಡಬೇಕು. ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಬದಲಿಸಿದಾಗ ದೋಷವೂ ಜೊತೆಗೆ ಹೋದರೆ ಕಾಯಿಲೇ ಅಪರಾಧಿ. ಎಲ್ಲವೂ ಒಂದೇ ರೀತಿ ಕೆಟ್ಟಿದ್ದರೆ ಕಾರಣ ಎಲ್ಲಕ್ಕೂ ಸಮಾನವಾದದ್ದು: ಗಾಳಿ, ಇಂಧನ, ಮ್ಯಾಪ್, ಇಲ್ಲವೇ ಪ್ಲಗ್ಗಿನ ಆಯ್ಕೆ.

ಆಯ್ಕೆಯ ತಪ್ಪುಗಳಲ್ಲಿ ಅಂತರದ್ದೇ ದೊಡ್ಡದು. ಅನಿಲದಲ್ಲಿ ಕಿಡಿ ಹಾರಲು ಬೇಕಾದ ವೋಲ್ಟೇಜು ಅನಿಲದ ಒತ್ತಡ ಮತ್ತು ತುದಿಗಳ ನಡುವಿನ ಅಂತರ, ಇವುಗಳ ಗುಣಲಬ್ಧವನ್ನು ಅವಲಂಬಿಸುತ್ತದೆ ಎಂದು ಫ್ರೀಡ್ರಿಶ್ ಪಾಶೆನ್ 1889ರಲ್ಲೇ ತೋರಿಸಿಕೊಟ್ಟರು. ಬೂಸ್ಟ್ ಏರಿದರೆ ಕಿಡಿಯ ಕ್ಷಣದಲ್ಲಿ ಸಿಲಿಂಡರಿನೊಳಗಿನ ಒತ್ತಡವೂ ಏರುತ್ತದೆ. ಅಂತರ ಮಾತ್ರ ಹಾಗೇ ಉಳಿದರೆ ಕಾಯಿಲ್ ಸೋಲುತ್ತದೆ. ಹಾಗೆ ಸೋತ ವಿದ್ಯುತ್ತು ಪಿಂಗಾಣಿಯ ಹೊರಮೈ ಮೇಲೆ ಹರಿದು ಕಪ್ಪು ಗೆರೆ ಎಳೆಯುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಮಿಸ್ಸಿಂಗ್, ನಿಧಾನಕ್ಕೆ ಹೋದರೆ ಏನೂ ಇಲ್ಲ ಎಂದಾದರೆ ಇದನ್ನೇ ಶಂಕಿಸಬೇಕು. ಮಾರ್ಪಡಿಸಿದ ಟರ್ಬೊ ಎಂಜಿನ್‌ಗಳಲ್ಲಿ 0.6ರಿಂದ 0.7 ಮಿಲಿಮೀಟರಿಗೆ ಅಂತರ ಕಿರಿದು ಮಾಡುವ ರೂಢಿ ಬಂದದ್ದು ಈ ಕಾರಣಕ್ಕೇ. ಲೋಹದ ಕವಚದ ಅಂಚಿಗೆ ಪಿಂಗಾಣಿಯ ಮೇಲೆ ಕಾಣುವ ಕಂದು ಉಂಗುರವನ್ನು ಮಾತ್ರ ಈ ಕಪ್ಪು ಗೆರೆಯ ಜೊತೆ ಗೊಂದಲ ಮಾಡಿಕೊಳ್ಳಬಾರದು. ಅದು ಕೊರೋನಾ ಕಲೆ, ನಿರಪಾಯಕಾರಿ. ಅನಿಲ ಸೋರಿಕೆಯೆಂದು ಭಾವಿಸಿ ಒಳ್ಳೆಯ ಪ್ಲಗ್ಗನ್ನು ಎಸೆಯುವುದುಂಟು.

ಇನ್ನು ಶಾಖ. ಬಳ್ಳಾರಿಯ ಬೇಸಿಗೆಯಲ್ಲಿ 42 ಡಿಗ್ರಿ ಅಪರೂಪವಲ್ಲ. ಒತ್ತಡವನ್ನು ಎರಡು ಪಟ್ಟು ಮಾಡುವ, ಶೇ. 70 ದಕ್ಷತೆಯ ಕಂಪ್ರೆಸರಿಗೆ ಲೆಕ್ಕ ಹಾಕಿದರೆ, 25 ಡಿಗ್ರಿಯಲ್ಲಿ ಒಳಬಂದ ಗಾಳಿ ಸುಮಾರು 118 ಡಿಗ್ರಿಯಾಗಿ ಹೊರಡುತ್ತದೆ. 42 ಡಿಗ್ರಿಯದು ಸುಮಾರು 140. ಇಂಟರ್‌ಕೂಲರ್ ಕಳೆಯಬೇಕಾದ ಈ ಹೆಚ್ಚುವರಿ ಬಿಸಿಯನ್ನು, ರಾಯಲ್ ಸರ್ಕಲ್ಲಿನ ವಾಹನ ಸಂದಣಿಯಲ್ಲಿ ಎದುರುಗಾಳಿಯೇ ಇಲ್ಲದೆ ನಿಂತಾಗ, ಅದು ಕಳೆಯಲಾರದು. ತಣ್ಣನೆಯ ಬೆಳಗಿನಲ್ಲಿ ಬರೆದ ಮ್ಯಾಪ್ ಏಪ್ರಿಲ್ ಮಧ್ಯಾಹ್ನದಲ್ಲಿ ನಾಕಿಂಗ್ ತರಬಹುದು. ನಾಕಿಂಗ್ ಒಳಪಿಂಗಾಣಿಯನ್ನು ಸೀಳುತ್ತದೆ. ಪ್ರೀ-ಇಗ್ನಿಷನ್ ತುದಿಯನ್ನೇ ಕರಗಿಸುತ್ತದೆ. ಇದಕ್ಕೆ ಪರಿಹಾರವೆಂದು ಹೇಳುವುದು ‘ಕೋಲ್ಡ್’ ಪ್ಲಗ್, ಅಂದರೆ ತುದಿಯ ಬಿಸಿಯನ್ನು ಬೇಗ ಹೊರಸಾಗಿಸುವ ಪ್ಲಗ್. ಆದರೆ ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಮುಟ್ಟಿದರಷ್ಟೇ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಕಂಟೋನ್ಮೆಂಟಿನಿಂದ ಪೇಟೆಗೆ, ಪೇಟೆಯಿಂದ ಮನೆಗೆ ಓಡಾಡುವ ಕಾರಿನಲ್ಲಿ ಕೋಲ್ಡ್ ಪ್ಲಗ್ ಆ ಬಿಸಿ ಮುಟ್ಟುವುದೇ ಕಷ್ಟ. ಹೊಸಪೇಟೆ ಹೆದ್ದಾರಿಗೆ ಸರಿಯಾದ ಪ್ಲಗ್ ಊರೊಳಗೆ ಮಸಿ ಹಿಡಿದು ಸಾಯುತ್ತದೆ. ಕೊಳ್ಳುವಾಗಲೂ ಎಚ್ಚರ ಬೇಕು: ಎನ್‌ಜಿಕೆ ಪ್ಲಗ್ಗಿನಲ್ಲಿ ಸಂಖ್ಯೆ ಏರಿದಷ್ಟೂ ಕೋಲ್ಡ್, ಬಾಷ್‌ನಲ್ಲಿ ಇಳಿದಷ್ಟೂ ಕೋಲ್ಡ್.

ಈಗ ಕೆಂಪಿಗೆ ಬರೋಣ. ಸಂಡೂರು, ದೋಣಿಮಲೆಗಳ ಅದಿರು ಮುಖ್ಯವಾಗಿ ಹೆಮಟೈಟ್, ಅಂದರೆ ಫೆರಿಕ್ ಆಕ್ಸೈಡ್. ಕಾರ್ಖಾನೆ ಕೊಟ್ಟ ಮುಚ್ಚಿದ ಫಿಲ್ಟರ್ ಪೆಟ್ಟಿಗೆ ತೆಗೆದು ತೆರೆದ ಕೋನ್ ಫಿಲ್ಟರ್ ಹಾಕಿದ ಕಾರು ಅದಿರು ಲಾರಿಯ ಹಿಂದೆ ತೋರಣಗಲ್ಲಿನ ಕಡೆ ಹೋದರೆ ಆ ಪುಡಿ ಒಳಸೇರಲು ಅವಕಾಶ ಹೆಚ್ಚು. ಇನ್ನೊಂದು ಕಡೆ, ಬೂಸ್ಟ್ ಏರಿಸಿದವರು ನಾಕಿಂಗ್ ತಡೆಯಲು ಟ್ಯಾಂಕಿಗೆ ಸುರಿಯುವ ಆಕ್ಟೇನ್ ಬೂಸ್ಟರುಗಳಲ್ಲಿ ಕೆಲವು ಫೆರೊಸೀನ್ ಆಧಾರಿತ. 1951ರಲ್ಲಿ ಪ್ರಕಟವಾದ ಈ ಸಂಯುಕ್ತದ ಅಣುವಿನ ನಡುವೆ ಕಬ್ಬಿಣವಿದೆ. ಉರಿದಾಗ ಅದು ಪ್ಲಗ್ಗಿನ ಪಿಂಗಾಣಿಯ ಮೇಲೆ ಇದೇ ಫೆರಿಕ್ ಆಕ್ಸೈಡನ್ನು ಲೇಪಿಸುತ್ತದೆ. ಬಿಸಿಯಲ್ಲಿ ಆ ಲೇಪ ವಿದ್ಯುತ್ತನ್ನು ಹರಿಯಬಿಡುವುದರಿಂದ ಕಿಡಿ ಹಾರಬೇಕಾದಲ್ಲಿ ಹಾರದೆ ಸೋರಿಹೋಗುತ್ತದೆ. ಒಂದು ಸಂಡೂರಿನ ಬೆಟ್ಟದ್ದು, ಇನ್ನೊಂದು ಬಾಟಲಿಯದು; ರಸಾಯನಶಾಸ್ತ್ರಕ್ಕೆ ಎರಡೂ ಒಂದೇ. ಹಾಗಾಗಿ ಬಣ್ಣವಷ್ಟೇ ಅಲ್ಲ, ಲೇಪದಲ್ಲಿ ಕಬ್ಬಿಣ ಸಿಕ್ಕಿತೆಂಬ ಪ್ರಯೋಗಾಲಯದ ವರದಿಯೂ ಸಾಕ್ಷ್ಯವಾಗದು.

ಸಾಕ್ಷ್ಯ ಇರುವುದು ದಾರಿಯಲ್ಲಿ. ಧೂಳು ಗಾಳಿಯ ಕೊಳವೆ ಹಾದೇ ಬರಬೇಕು. ಬೂಸ್ಟರ್ ಇಂಧನದ ಜೊತೆ ಬರುತ್ತದೆ. ಫಿಲ್ಟರಿನ ಆಚೆ, ಟರ್ಬೊಗೆ ಮುಂಚಿನ ಕೊಳವೆಯ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು. ಕಂಪ್ರೆಸರ್ ಚಕ್ರದ ಅಲಗುಗಳ ಮುಂಚೂಣಿ ಸವೆದಿದೆಯೇ ಎಂದು ಬೆಳಕು ಹಿಡಿದು ಪರಿಶೀಲಿಸಬೇಕು. ಧೂಳು ಒಂಟಿಯಾಗಿ ಬರುವುದಿಲ್ಲ, ಸಿಲಿಕಾ ಜೊತೆಗಿರುತ್ತದೆ. ಎಂಜಿನ್ ಆಯಿಲ್ ಪರೀಕ್ಷೆಯಲ್ಲಿ ಸಿಲಿಕಾನ್ ಏರಿದ್ದರೆ ಶಂಕೆ ಬಲವಾಗುತ್ತದೆ, ಇತ್ತೀಚೆಗೆ ಗ್ಯಾಸ್ಕೆಟ್ ಅಂಟು ಹಚ್ಚಿಲ್ಲವೆಂಬುದು ಖಚಿತವಿದ್ದರೆ. ಇದಕ್ಕೊಂದು ಎಚ್ಚರಿಕೆಯ ಮಾತು ಸೇರಿಸಲೇಬೇಕು. ಬಿಳಿ ಬಟ್ಟೆ ಕೆಂಪಾಗಲಿಲ್ಲವೆಂದ ಮಾತ್ರಕ್ಕೆ ಗಾಳಿ ಶುದ್ಧವೆಂದಲ್ಲ. ಕುಡಿತಿನಿಯ ಉಷ್ಣ ವಿದ್ಯುತ್ ಸ್ಥಾವರದಂಥ ಕಡೆಯ ಹಾರುಬೂದಿಯೂ ಸಿರುಗುಪ್ಪದ ಭತ್ತದ ಹೊಟ್ಟಿನ ಬೂದಿಯೂ ಬೂದುಬಣ್ಣದವು. ಎರಡರಲ್ಲೂ ಸಿಲಿಕಾ ಹೇರಳ.

ಇಂಧನದ ಕುರಿತು ಒಂದೇ ಮಾತು. ಶುದ್ಧ ಪೆಟ್ರೋಲಿನ ಒಂದು ಭಾಗಕ್ಕೆ ಸುಮಾರು 14.7 ಭಾಗ ಗಾಳಿ ಸಾಕಾದರೆ ಎಥನಾಲಿಗೆ ಸುಮಾರು 9. ಹಾಗಾಗಿ ಹಳೆಯ ಪೆಟ್ರೋಲಿಗೆ ಬರೆದ ಮ್ಯಾಪ್, ಶೇ. 20 ಎಥನಾಲ್ ಬೆರೆತ ಇ-20 ತುಂಬಿಸಿದ ಕಾರಿನಲ್ಲಿ ಪೂರ್ಣ ಲೋಡಿನಲ್ಲಿ ಇಂಧನ ಕಡಿಮೆ ಬೀಳಿಸಬಹುದು, ಪ್ಲಗ್ಗಿನ ತುದಿ ಬೆಳ್ಳಗೆ ಬೇಯಬಹುದು. ಇ-20ರ ಆಕ್ಟೇನ್ ಹಿಂದಿನ 91ಕ್ಕಿಂತ ಮೇಲಿರುವುದರಿಂದ, ಮ್ಯಾಪನ್ನು ಇದಕ್ಕೆ ತಕ್ಕಂತೆ ತಿದ್ದಿಸಿದರೆ ಬೂಸ್ಟರಿನ ಬಾಟಲಿಯ ಅಗತ್ಯವೇ ಬಹಳಷ್ಟು ಕಡಿಮೆಯಾಗುತ್ತದೆ.

ಬಟ್ಟೆ ಶುಭ್ರ, ಅಲಗು ಚೂಪು, ನಾಲ್ಕೂ ಪ್ಲಗ್ಗು ಕೆಂಪು ಎಂದಾದರೆ ಬಾಟಲಿ ನಿಲ್ಲಿಸಿ ಹೊಸ ಪ್ಲಗ್ ಹಾಕಿ ಓಡಿಸಿ ನೋಡಬೇಕು. ಬಟ್ಟೆ ಕೆಂಪಾದರೆ ಪ್ಲಗ್ ಆಮೇಲಿನ ಮಾತು. ಅಷ್ಟರಲ್ಲಿ ರಿಂಗು, ಸಿಲಿಂಡರಿನ ಗೋಡೆಗಳೂ ಸವೆದಿರಬಹುದು, ಕಂಪ್ರೆಷನ್ ಪರೀಕ್ಷೆ ಅಂದೇ ಆಗಬೇಕು, ಮೂಲ ಫಿಲ್ಟರ್ ಪೆಟ್ಟಿಗೆ ವಾಪಸು ಕೂರಬೇಕು.