ಶಾಲೆಯ ನೆರವೂ ಕಂದಾಯದ ಆಣೆಯೂ

ಮಳೆಗಾಲದ ಹೊಸ್ತಿಲಲ್ಲಿ ಶಾಲಾವರ್ಷ ತೊಡಗಿದಾಗ, ಕುಮಟಾ ತಾಲ್ಲೂಕಿನ ಕತಗಾಲದಂತಹ ಊರುಗಳ ಸರಕಾರಿ ಶಾಲೆಗಳ ಮಕ್ಕಳಿಗೆ ಪಠ್ಯಪುಸ್ತಕವೂ ಸಮವಸ್ತ್ರವೂ ಉಚಿತವಾಗಿ ಸಲ್ಲುತ್ತವೆ. ಇದನ್ನು ಸರಕಾರದ ಕೊಡುಗೆಯೆಂದು ಕರೆಯುವುದು ರೂಢಿ. ಆದರೆ ಇಂತಹ ನೆರವಿನ ಮೂಲವನ್ನು ಅರಸಹೊರಟರೆ ನಾವು ಗದ್ದೆಯ ಅಂಚಿಗೇ ಬಂದು ನಿಲ್ಲುತ್ತೇವೆ.

1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಭೂಕಂದಾಯದ ರೂಪಾಯಿಗೆ 1 ಆಣೆಯಂತೆ ಎತ್ತುತ್ತಿದ್ದ ಸ್ಥಳೀಯ ಉಪಕರಕ್ಕೆ ಆ ಪ್ರಾಂತದಲ್ಲಿ 1869ರ ಕಾಯಿದೆ ಆಧಾರವಾಯಿತು. ಅದರ ಮೂರನೆಯ ಒಂದು ಪಾಲು ಶಾಲೆಗಳದು. ತೆತ್ತವನು ಭೂಮಾಲಿಕನಾದರೂ ಹಣ ಹುಟ್ಟಿದುದು ಗೇಣಿ ಒಕ್ಕಲಿನ ದುಡಿಮೆಯಿಂದ. ಜಿಲ್ಲೆಯು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಅಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು. ಆದುದರಿಂದ ಪುಸ್ತಕಗಳು ತಡವಾದರೆ, ಅದನ್ನು ಒಕ್ಕಲಿನ ಮಕ್ಕಳಿಗೆ ಸಲ್ಲಬೇಕಾದ ಬಾಕಿಯೆಂದೇ ಎಣಿಸಬೇಕು.